ಕರಡಿಮರಿ ಯಾಕೆ ಅತ್ತಿತು?

ಸಂಜೆ ಆಯ್ತು ಅಂತ ತಿಳ್ಕೊಳ್ಳೋಕೆ ನಮ್ಮ ಬೀದಿಯವರು ಗಡಿಯಾರ ನೋಡಬೇಕಾಗಿರಲಿಲ್ಲ. ಶಿಶುವಿಹಾರದ ಕಡೆಯಿಂದ ಒಂದು ಮಗು ಅಳೋದು ಕೇಳಿಸ್ತಿತ್ತು. ಆ ಅಳು ಮೂಲೆ ತಿರುಗಿ, ತರಕಾರಿ ಅಂಗಡಿ ದಾಟಿ, ಸೈಕಲ್ ರಿಪೇರಿಯವನ ಮುಂದೆ ಹಾದು, ಸೀದಾ ನಮ್ಮ ಹತ್ರಾನೇ ಬರ್ತಿತ್ತು. ನಾನು ಇಸ್ತ್ರಿ ಪೆಟ್ಟಿಗೆ ಪಕ್ಕಕ್ಕಿಟ್ಟು, "ಟೈಲರಮ್ಮ, ಮೊಮ್ಮಗಳು ಬಂದಳು ನೋಡಿ" ಅಂತ ಕೂಗ್ತಿದ್ದೆ.

ಅಂದಹಾಗೆ, ನಾನು ಇಸ್ತ್ರಿಯವಳು. ಟೈಲರಮ್ಮನ ಅಂಗಡಿ ಮುಂದೆ, ಅವರದೇ ತಗಡಿನ ನೆರಳಲ್ಲಿ ನನ್ನ ಮೇಜು. ಅವರು ಹೊಲಿದಿದ್ದನ್ನ ನಾನು ಇಸ್ತ್ರಿ ಮಾಡ್ತೀನಿ. ನನ್ನ ಬಾಯಿ ನನ್ನ ಪೆಟ್ಟಿಗೆಗಿಂತ ಬಿಸಿ ಅಂತ ಬೀದಿಯವರು ಹೇಳ್ತಾರೆ. ಹೇಳ್ಕೊಳ್ಳಲಿ ಬಿಡಿ. ಬಾಯಿ ಇರೋರೇ ಹೇಳಬೇಕಾದ ವಿಷಯ ಇದು.

ಅಳ್ತಾ ಬರ್ತಿದ್ದ ಆ ಮಗುವನ್ನ ನಾವೆಲ್ಲ ಗುಂಡಿ ಅಂತ ಕರೀತೀವಿ. ಆರು ವರ್ಷದ ಹುಡುಗಿ. ನಡೆಯೋಕೆ ಶುರು ಮಾಡಿದಾಗಿಂದ ಅಜ್ಜಿಯ ಅಂಗಡಿಯಲ್ಲಿ ಅಂಗಿ ಗುಂಡಿಗಳ ಡಬ್ಬಿ ಮುಂದಿಟ್ಕೊಂಡೇ ಬೆಳೆದವಳು. ಬಣ್ಣ ಬಣ್ಣಕ್ಕೆ ಬೇರೆ ಮಾಡಿ ಸಾಲಾಗಿ ಜೋಡಿಸಿದಳು ಅಂದ್ರೆ ಅಳತೆ ಪಟ್ಟಿ ಇಟ್ಟು ನೋಡಿದ್ರೂ ಸಾಲು ಸೊಟ್ಟ ಇರಲ್ಲ. ಡಾಕ್ಟರು ಇದಕ್ಕೆ ಆಟಿಸಂ ಅಂದಿದ್ದಾರೆ. ಬೇರೆ ಮಕ್ಕಳ ಹಾಗೆ ಮಾತಾಡಲ್ಲ, ಕಣ್ಣಿಗೆ ಕಣ್ಣಿಟ್ಟು ನೋಡಲ್ಲ, ಕೇಳಿದ ಮಾತನ್ನೇ ತಿರುಗಿಸಿ ಹೇಳ್ತಾಳೆ. ಅವಳ ಅಮ್ಮ, ಅಂದ್ರೆ ಟೈಲರಮ್ಮನ ಮಗಳು, ಬಸ್ ಕಂಡಕ್ಟರ್. ಅಪ್ಪ ಲಾರಿ ಓಡಿಸ್ತಾನೆ, ಅಪರೂಪಕ್ಕೆ ಮುಖ ತೋರಿಸ್ತಾನೆ. ಹಾಗಾಗಿ ಅಮ್ಮನ ಡ್ಯೂಟಿ ಮುಗಿಯೋವರೆಗೂ ಗುಂಡಿ ನಮ್ಮ ಜೊತೆ.

ಶಿಶುವಿಹಾರದಿಂದ ಅವಳನ್ನ ಕೈಹಿಡಿದು ತಂದು ಬಿಡ್ತಿದ್ದದ್ದು ಅಲ್ಲಿನ ಆಯಾ. ಬೇರೆ ಮಕ್ಕಳನ್ನ ಬೆಲ್ ಹೊಡೆದ ತಕ್ಷಣ ಮನೆಯವರು ಬಂದು ಕರ್ಕೊಂಡು ಹೋಗ್ತಾರೆ. ಟೈಲರಮ್ಮನಿಗೆ ಗಿರಾಕಿ ಬಿಟ್ಟು ಎದ್ದು ಹೋಗೋಕೆ ಆಗಲ್ಲ. ಅದಕ್ಕೇ ಆಯಾ ತನ್ನ ಕೆಲಸ ಮುಗಿಸಿ, ಬಾಗಿಲಿಗೆ ಬೀಗ ಹಾಕಿ, ಹೋಗೋ ದಾರಿಯಲ್ಲಿ ಇವಳನ್ನ ಬಿಟ್ಟು ಹೋಗ್ತಿದ್ದರು. ಬರುವಾಗ ಗುಂಡಿಯ ಮುಖ ಎಲ್ಲ ಕೆಂಪು. ಮಣಿಕಟ್ಟಿನ ಮೇಲೆ ಹಲ್ಲಿನ ಗುರುತು. ಅವಳ ಹಲ್ಲೇ. ತನ್ನ ಕೈ ತಾನೇ ಕಚ್ಕೊಳ್ತಿದ್ದಳು.

"ಏನಾಯ್ತಮ್ಮ ಇವಳಿಗೆ?" ಅಂತ ಆಯಾನ ಕೇಳಿದ್ರೆ, "ನಂಗೇನು ಗೊತ್ತು ತಾಯಿ, ಬೆಳಿಗ್ಗೆಯಿಂದ ಚೆನ್ನಾಗೇ ಇರ್ತಾಳೆ, ಹೊರಡೋ ಹೊತ್ತಿಗೆ ಹೀಗೆ" ಅಂತಿದ್ದರು. ಬೀದಿಯ ಬಾಯಿಗೆ ಬೀಗ ಉಂಟಾ? ಆಯಾ ಗದರಿಸ್ತಾರಂತೆ, ಚಿವುಟ್ತಾರಂತೆ ಅಂತ ಮಾತು ಹಬ್ಬಿತು. ಆಯಾನ ಕಿವಿಗೂ ಬಿತ್ತು. ಪಾಪ, ಆಮೇಲೆ ಅವರು ತಲೆ ಎತ್ತಿ ನಮ್ಮ ಬೀದಿಯಲ್ಲಿ ನಡೆಯೋದನ್ನೇ ಬಿಟ್ಟರು.

ಕಂಡಕ್ಟರ್ ಮಾತ್ರ ಯಾರ ಮೇಲೂ ಮಾತು ಹೊರಿಸಲಿಲ್ಲ. ಡ್ಯೂಟಿ ಮುಗಿಸಿ ಬಂದವಳೇ, ಚರ್ಮದ ಚೀಲ ಕೆಳಗಿಟ್ಟು, ಮಗಳ ಮುಂದೆ ಮೊಣಕಾಲೂರಿ ಕೂರ್ತಿದ್ದಳು.

"ಏನಾಯ್ತು ಮಗಳೇ? ಯಾಕೆ ಅತ್ತೆ? ಅಮ್ಮನ ಹತ್ರ ಹೇಳು."

ಗುಂಡಿ ಗೋಡೆ ನೋಡ್ಕೊಂಡು ಶುರು ಮಾಡ್ತಿದ್ದಳು. "ಒಂದು ಕಾಡಿತ್ತು. ಕಾಡಲ್ಲಿ ಒಂದು ಕರಡಿಮರಿ ಇತ್ತು. ಅದರ ಹತ್ರ ಒಂದು ಕೆಂಪು ಟೋಪಿ ಇತ್ತು."

ಅದು ಅಜ್ಜಿ ಹೇಳಿಕೊಟ್ಟ ಕಥೆ. ಯಾವಾಗ ಕೇಳಿದ್ರೂ ಅದೇ. ಕಂಡಕ್ಟರ್ ಕಣ್ಣು ಒರೆಸ್ಕೊಂಡು ಏಳ್ತಿದ್ದಳು. ಒಂದು ದಿನ ನನ್ನ ಹತ್ರ ಬಂದು ನಿಂತು, "ಅಕ್ಕ, ಬಸ್ಸಲ್ಲಿ ಊರಿನ ಜನರ ಕಷ್ಟ ಸುಖ ಎಲ್ಲ ಕೇಳಿಸ್ಕೋತೀನಿ. ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗುಗೆ ಏನು ನೋವು ಅಂತ ನಂಗೆ ಗೊತ್ತಾಗಲ್ಲ. ಈ ವರ್ಷ ಮುಗೀಲಿ, ಶಾಲೆ ಬಿಡಿಸ್ತೀನಿ. ಇಲ್ಲೇ ಡಬ್ಬಿ ಮುಂದೆ ಕೂತಿರಲಿ. ಅಳದೇ ಇದ್ರೆ ಸಾಕು" ಅಂದಳು.

ಟೈಲರಮ್ಮನ ಲೆಕ್ಕವೇ ಬೇರೆ. "ನನ್ನ ಮೊಮ್ಮಗಳಿಗೆ ಏನೂ ಕಮ್ಮಿ ಇಲ್ಲ. ಕಥೆ ಪೂರಾ ಹೇಳ್ತಾಳೆ, ಒಂದು ಪದ ಬಿಡಲ್ಲ" ಅಂತ ಜಂಬ. ಬಂದ ಗಿರಾಕಿಗಳ ಮುಂದೆಲ್ಲ ಹೇಳಿಸೋರು. ಗಿರಾಕಿಗಳು ಚಪ್ಪಾಳೆ ತಟ್ಟೋರು. ಟೈಲರಮ್ಮ ಎದೆ ಉಬ್ಬಿಸ್ಕೊಂಡು ಪೆಡಲ್ ತುಳಿಯೋರು.

ಇಲ್ಲೊಂದು ವಿಷಯ ಹೇಳಬೇಕು. ಟೈಲರಮ್ಮನ ಮಿಷಿನ್ ನಿಲ್ತಿರಲಿಲ್ಲ. ಕಥೆ ಹೇಳ್ತಾನೇ ಹೊಲಿಯೋರು, ಹೊಲಿಯುತ್ತಾನೇ ಗಿರಾಕಿ ಜೊತೆ ಮಾತಾಡೋರು, ಕಣ್ಣು ಮಾತ್ರ ಸೂಜಿ ಮೇಲೆ. ಮಗು ಬೆನ್ನ ಹಿಂದೆ ಡಬ್ಬಿ ಹತ್ರ. ಆ ಮಿಷಿನ್ನಿನ ಟಕಟಕ ನಡುವೆ ಕರಡಿಮರಿ ಕಾಡಿಗೆ ಹೋಗಿ ಬರ್ತಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಒಬ್ಬರು ಟೀಚರ್ ಅಂಗಿ ತೋಳು ಗಿಡ್ಡ ಮಾಡಿಸೋಕೆ ಬಂದರು. ಶಿಶುವಿಹಾರಕ್ಕೆ ಹೊಸದಾಗಿ ಬಂದಿದ್ದರು. ವಿಶೇಷ ಅಗತ್ಯ ಇರೋ ಮಕ್ಕಳಿಗೆ ಕಲಿಸೋ ಟೀಚರ್ ಅವರು. ಬೆಳಗಿನ ಹೊತ್ತು ಮಾತ್ರ ಇಲ್ಲಿ, ಮಧ್ಯಾಹ್ನದ ಮೇಲೆ ಬೇರೆ ಶಾಲೆ. ಟೈಲರಮ್ಮ ಬಿಡ್ತಾರಾ? ಅವತ್ತು ರಜೆ ಇತ್ತು, ಗುಂಡಿ ಅಂಗಡಿಯಲ್ಲೇ ಇದ್ದಳು. "ಗುಂಡಿ, ಟೀಚರ್‌ಗೆ ಕಥೆ ಹೇಳು" ಅಂದರು.

ಗುಂಡಿ ಶುರು ಮಾಡಿದಳು. "ಒಂದು ಕಾಡಿತ್ತು. ಕಾಡಲ್ಲಿ ಒಂದು ಕರಡಿಮರಿ ಇತ್ತು. ಅದರ ಹತ್ರ ಒಂದು ಕೆಂಪು ಟೋಪಿ ಇತ್ತು. ಸೊಂಟ ಒಂದಿಂಚು ಬಿಡ್ತೀನಿ. ಕರಡಿಮರಿ ನದಿಗೆ ಹೋಯಿತು. ಟೋಪಿ ಬಿಚ್ಚಿಟ್ಟು ನೀರು ಕುಡಿಯಿತು. ಟೋಪಿ ಮರೆತು ಬಂತು. ನಾಳೆ ಬನ್ನಿ, ಇನ್ನೂ ರೆಡಿ ಆಗಿಲ್ಲ. ಕಿವಿಗೆ ಚಳಿ ಆಯಿತು. ಅಳ್ತಾ ಕೂತಿತು. ಕಾಲರ್ ಬೇಕಾ ಬೇಡ್ವಾ? ಬಾತುಕೋಳಿ ಟೋಪಿ ತಂದು ಕೊಟ್ಟಿತು."

ನಾವೆಲ್ಲ ಹೊಟ್ಟೆ ಹಿಡ್ಕೊಂಡು ನಕ್ಕೆವು. ನಮಗೆ ಇದು ಹೊಸದೇನಲ್ಲ. ಟೈಲರಮ್ಮ ಗಿರಾಕಿಗೆ ಹೇಳಿದ ಮಾತೆಲ್ಲ ಕಥೆ ಒಳಗೆ ಸೇರ್ಕೊಂಡಿತ್ತು, ಅಷ್ಟೇ. ಟೀಚರೂ ನಕ್ಕರು. ಆಮೇಲೆ ನೆಲದ ಮೇಲೆ ಗುಂಡಿ ಪಕ್ಕ ಕೂತು, ಮೆತ್ತಗೆ ಕೇಳಿದರು.

"ಗುಂಡಿ, ಕರಡಿಮರಿ ಯಾಕೆ ಅತ್ತಿತು?"

"ಯಾಕೆ ಅತ್ತಿತು" ಅಂದಳು ಗುಂಡಿ.

"ಟೋಪಿ ಯಾರದು?"

"ಟೋಪಿ ಯಾರದು."

ಟೈಲರಮ್ಮ ಹುಬ್ಬು ಗಂಟಿಕ್ಕಿದರು. "ಅವಳಿಗೆ ಹೊಸಬರನ್ನ ಕಂಡ್ರೆ ನಾಚಿಕೆ ಟೀಚರ್. ಎಲ್ಲ ಗೊತ್ತು ಅವಳಿಗೆ. ಈಗ ಹೇಳಿದಳಲ್ಲ?"

"ಹೇಳಿದಳು ಅಮ್ಮ. ಎಂಥ ನೆನಪಿನ ಶಕ್ತಿ ನೋಡಿ. ನನಗೇ ಅಷ್ಟು ಬರಲ್ಲ" ಅಂದರು ಟೀಚರ್. "ಆದ್ರೆ ಕರಡಿಮರಿ ಎಲ್ಲಿ, ಸೊಂಟದ ಅಳತೆ ಎಲ್ಲಿ ಅನ್ನೋದು ಅವಳಿಗೆ ಬೇರೆ ಬೇರೆ ಅಲ್ಲ. ಎರಡೂ ಅಜ್ಜಿಯ ದನಿ. ಎರಡೂ ಅವಳಿಗೆ ಇಷ್ಟ. ಅದಕ್ಕೇ ಒಟ್ಟಿಗೆ ಹೇಳ್ತಾಳೆ. ಕಥೆ ಬಾಯಿಗೆ ಬಂದಿದೆ. ಅರ್ಥ ಇನ್ನೂ ಬಂದಿಲ್ಲ."

"ಅರ್ಥ ತಗೊಂಡು ಏನ್ ಮಾಡಬೇಕು? ಇವಳೇನು ಕಥೆ ಬರೀತಾಳಾ?" ಅಂದರು ಟೈಲರಮ್ಮ. ಕತ್ತರಿ ಸ್ವಲ್ಪ ಜೋರಾಗೇ ಮೇಜಿನ ಮೇಲೆ ಕೂತಿತು.

ಟೀಚರಿಗೆ ಕೋಪ ಬರಲಿಲ್ಲ. "ಸಂಜೆ ಇವಳು ಅಳ್ತಾ ಬರ್ತಾಳೆ ಅಂತ ಕೇಳಿದೆ. ಏನಾಯ್ತು ಅಂದ್ರೆ ಏನು ಹೇಳ್ತಾಳೆ?"

"ಇದೇ ಕಥೆ" ಅಂದೆ ನಾನು. ತಡ್ಕೊಳ್ಳೋಕೆ ಆಗಲಿಲ್ಲ.

"ನೋಡಿ, ಪಾಪ, ಉತ್ತರ ಕೊಡೋಕೆ ಅವಳು ಪ್ರಯತ್ನ ಮಾಡ್ತಾನೇ ಇದ್ದಾಳೆ. ಅವಳ ಹತ್ರ ಇರೋದು ಅದೊಂದೇ. ಯಾರಿಗೆ, ಎಲ್ಲಿ, ಏನಾಯ್ತು, ಯಾಕೆ ಅತ್ತರು ಅಂತ ಕರಡಿಮರಿ ವಿಷಯದಲ್ಲಿ ಅವಳಿಗೆ ತಿಳಿದ್ರೆ, ನಾಳೆ ತನ್ನ ವಿಷಯದಲ್ಲೂ ಹೇಳ್ತಾಳೆ. ಕಥೆ ಅರ್ಥ ಮಾಡ್ಕೊಳ್ಳೋದು ಅಂದ್ರೆ ಬರೀ ಪಾಠ ಅಲ್ಲ ಅಮ್ಮ."

ಟೈಲರಮ್ಮ ಹಣೆ ಮೇಲಿನ ಬೆವರು ಒರೆಸ್ಕೊಂಡು, ಗುಂಡಿ ಕಡೆ ಒಂದು ಸಲ ನೋಡಿ, "ಏನ್ ಮಾಡಬೇಕು ಹೇಳಿ" ಅಂದರು. ದನಿ ಇನ್ನೂ ಗಡುಸಾಗೇ ಇತ್ತು.

"ಮೊದಲು ಮಿಷಿನ್ ನಿಲ್ಲಿಸಿ" ಅಂದರು ಟೀಚರ್.

ಅಯ್ಯೋ, ಆ ಮಾತು ಕೇಳಿದ ಟೈಲರಮ್ಮನ ಮುಖ ನೋಡಬೇಕಿತ್ತು ನೀವು. ಅಂಗಡಿಗೆ ಬಾಗಿಲು ಹಾಕಿ ಅಂದಿದ್ರೂ ಅಷ್ಟು ಗಾಬರಿ ಆಗ್ತಿರಲಿಲ್ಲ. "ದಿನಾ ಸ್ವಲ್ಪ ಹೊತ್ತು, ಅಷ್ಟೇ. ಎದುರು ಕೂತು, ಒಂದು ಪುಟ್ಟ ಕಥೆ. ಆ ಹೊತ್ತಲ್ಲಿ ಗಿರಾಕಿ ಮಾತು ಬೇಡ" ಅಂದರು ಟೀಚರ್. ಒಪ್ಪಿಸೋಕೆ ಸಾಕು ಸಾಕಾಯ್ತು. ಕೊನೆಗೆ ನಾನೇ, "ಆ ಹೊತ್ತಲ್ಲಿ ಯಾರು ಬಂದ್ರೂ ನಾನು ನೋಡ್ಕೋತೀನಿ, ನಿಮ್ಮ ಅಂಗಡಿ ಏನು ಓಡಿ ಹೋಗಲ್ಲ" ಅಂದೆ.

ಆಮೇಲೆ ಟೀಚರ್ ಹೇಳಿದ್ದು ಟೈಲರಮ್ಮನಿಗೆ ಹಿಡಿಸಿತು. "ಬರೀ ಮಾತಲ್ಲಿ ಹೇಳಿದ್ರೆ ಅವಳಿಗೆ ಏನೂ ಕಾಣಿಸಲ್ಲ. ಕರಡಿಮರಿ ಅವಳ ಕೈಗೆ ಸಿಗಬೇಕು. ಹೊಲಿದು ಕೊಡ್ತೀರಾ?" ಕೊಡ್ತೀರಾ ಅಂತ ಕೇಳೋದಾ? ಮಾರನೇ ದಿನಕ್ಕೆ ಕಂದು ಬಟ್ಟೆಯ ಕರಡಿಮರಿ ರೆಡಿ. ಹಳದಿ ತುಂಡಲ್ಲಿ ಬಾತುಕೋಳಿ. ನದಿಗೆ ಒಂದು ನೀಲಿ ಲೈನಿಂಗ್ ಬಟ್ಟೆ. ಕೆಂಪು ಟೋಪಿಗೆ ಕಿವಿ ಮುಚ್ಚೋ ಹಾಗೆ ಎರಡು ಪಟ್ಟಿ, ಒಳಗೆ ಮೆತ್ತನೆ ಅಸ್ತರು. ಕರಡಿಗೊಂದು, ಅದೇ ಅಳತೆ ದೊಡ್ಡದು ಮಾಡಿ ಗುಂಡಿಗೊಂದು. ಗೊಂಬೆ ಹೊಲಿಯೋದು ಮಕ್ಕಳಾಟ ಅಂತ ಹಿಂದೆ ಮೂಗು ಮುರಿದವರು ಇವರೇ.

ದಿನಾ ಬೆಳಿಗ್ಗೆ ಶಿಶುವಿಹಾರಕ್ಕೆ ಹೋಗೋ ಮುಂಚೆ ಟೀಚರ್ ಅಂಗಡಿಗೆ ಬರೋರು. ಕಥೆಯನ್ನ ಕತ್ತರಿಸಿ ಚಿಕ್ಕದು ಮಾಡಿದರು. ಕರಡಿಮರಿ ನದಿಗೆ ಹೋಯಿತು. ಟೋಪಿ ಮರೆತು ಬಂತು. ಕಿವಿಗೆ ಚಳಿ. ಅತ್ತಿತು. ಬಾತುಕೋಳಿ ಟೋಪಿ ತಂತು. ಇಷ್ಟೇ. ಒಂದೊಂದು ಮಾತಿಗೂ ಗೊಂಬೆ ಕೈಯಲ್ಲಿ ಹಿಡಿದು ಆಡಿ ತೋರಿಸೋದು. ದಿನಾ ಅದೇ ಕಥೆ, ಅದೇ ಮಾತು. ನಮಗೆ ಬೇಜಾರಾಯ್ತು, ಗುಂಡಿಗೆ ಆಗಲಿಲ್ಲ.

ಮೊದಲ ಪ್ರಶ್ನೆ, "ಯಾರು?" ಅನ್ನೋದು. ಟೀಚರ್ ಕರಡಿ, ಬಾತುಕೋಳಿ ಎರಡನ್ನೂ ಮುಂದಿಟ್ಟು, "ನದಿಗೆ ಹೋದವರು ಯಾರು?" ಅಂದರು. ಗುಂಡಿ ಸುಮ್ಮನಿದ್ದಳು. ಟೀಚರೂ ಸುಮ್ಮನಿದ್ದರು. ಟೈಲರಮ್ಮನಿಗೆ ತಡೆಯೋಕಾಗುತ್ತಾ? "ಕರಡಿ ಅನ್ನು, ಕರಡಿ ಅನ್ನು ಪುಟ್ಟಿ" ಅಂದೇಬಿಟ್ಟರು.

"ಅಮ್ಮ, ಉತ್ತರ ನೀವು ಹೇಳಿದ್ರೆ ಪಾಸಾಗೋದು ನೀವು" ಅಂದರು ಟೀಚರ್. "ಅವಳಿಗೆ ಯೋಚನೆ ಮಾಡೋಕೆ ನಮಗಿಂತ ಹೆಚ್ಚು ಹೊತ್ತು ಬೇಕು. ಕಾಯೋದೂ ಕಲಿಸೋದರಲ್ಲೇ ಸೇರಿದೆ."

ನಾನು ಹೊರಗಿನಿಂದ ಕಿಸಕ್ ಅಂತ ನಕ್ಕೆ. "ನೀವೂ ಅಷ್ಟೇ, ಇಸ್ತ್ರಿಯಕ್ಕ" ಅಂದರು. ನಾನು ತೆಪ್ಪಗಾದೆ.

ಕಾದೆವು. ಗುಂಡಿಯ ಬೆರಳು ಮೆಲ್ಲಗೆ ಹೋಗಿ ಕರಡಿಯ ಹೊಟ್ಟೆ ಮುಟ್ಟಿತು. "ಹೌದು, ಕರಡಿಮರಿ" ಅಂದರು ಟೀಚರ್. ಬಾಯಲ್ಲಿ ಹೇಳಲೇಬೇಕು ಅಂತ ಹಟ ಮಾಡಲಿಲ್ಲ. ಬೆರಳು ತೋರಿಸಿದ್ರೆ ಅದೂ ಉತ್ತರಾನೇ ಅಂದರು. ಆಮೇಲೆ "ಎಲ್ಲಿ?" ಶುರುವಾಯ್ತು. ಅದನ್ನ ಕೇಳುವಾಗ, "ನದಿ ಹತ್ರಾನಾ, ಮನೆಯಲ್ಲಾ?" ಅಂತ ಎರಡೇ ದಾರಿ ಕೊಡೋದು. ತಪ್ಪು ಹೇಳಿದ್ರೆ ಗದರೋ ಹಾಗಿಲ್ಲ. ಗೊಂಬೆ ಹಿಡಿದು ಇನ್ನೊಂದು ಸಲ ಆಡಿ ತೋರಿಸೋದು.

ಎಲ್ಲ ಸಲೀಸಾಗಿ ಆಯ್ತು ಅಂತ ತಿಳೀಬೇಡಿ. ಗೊಂಬೆ ಕಿತ್ತೆಸೆದ ದಿನಗಳಿವೆ. ಮುಖ ತಿರುಗಿಸಿ ಗುಂಡಿಗಳ ಸಾಲು ಜೋಡಿಸ್ಕೊಂಡೇ ಕೂತ ದಿನಗಳಿವೆ. ಆಗ ಟೀಚರ್, "ಇವತ್ತು ಸಾಕು ಅಂತಿದ್ದಾಳೆ, ಬಿಡಿ" ಅಂತಿದ್ದರು. ಯಾರು, ಎಲ್ಲಿ, ಏನಾಯ್ತು, ಇವೆಲ್ಲ ನಿಧಾನಕ್ಕೆ ಬಂತು. "ಯಾಕೆ" ಮಾತ್ರ ಬರಲೇ ಇಲ್ಲ. ಕರಡಿಮರಿ ಯಾಕೆ ಅತ್ತಿತು ಅಂದ್ರೆ, "ಯಾಕೆ ಅತ್ತಿತು" ಅನ್ನೋದು. ಅಷ್ಟೇ.

ಟೈಲರಮ್ಮ ಒಂದು ದಿನ ಟೋಪಿ ಕೆಳಗಿಟ್ಟು, "ಇದೊಂದು ಬಿಟ್ಬಿಡಿ ಟೀಚರ್. ಅವಳ ಕೈಲಿ ಆಗಲ್ಲ. ಯಾಕೆ ಅನ್ನೋದು ದೊಡ್ಡವರಿಗೇ ಗೊತ್ತಾಗಲ್ಲ" ಅಂದರು. ಅವರು ಸೋತ ದನಿಯಲ್ಲಿ ಮಾತಾಡಿದ್ದು ನಾನು ಕೇಳಿರಲಿಲ್ಲ.

"ಗೊಂಬೆಯ ಚಳಿ ಅವಳಿಗೆ ಹೇಗೆ ತಿಳೀಬೇಕು ಅಮ್ಮ? ಅವಳ ಕಿವಿಗೇ ತಿಳಿಸೋಣ" ಅಂದರು ಟೀಚರ್. ಒಂದು ಬಟ್ಟೆ ಚೂರು ತಣ್ಣೀರಲ್ಲಿ ಅದ್ದಿ ಹಿಂಡಿದರು. ಮೊದಲು ಕರಡಿಯ ಕಿವಿಗೆ ಮುಟ್ಟಿಸಿದರು. ಆಮೇಲೆ ತಮ್ಮ ಕಿವಿಗೆ ಮುಟ್ಟಿಸಿ "ಉಹುಹು, ಚಳಿ" ಅಂತ ನಡುಗಿದರು. ಆಮೇಲೆ ಬಟ್ಟೆ ಗುಂಡಿ ಕೈಗೇ ಕೊಟ್ಟರು. ಗುಂಡಿ ಅದನ್ನ ತನ್ನ ಕಿವಿಗೆ ತಾನೇ ಮುಟ್ಟಿಸಿಕೊಂಡಳು. ಭುಜ ಕುಗ್ಗಿಸಿ, ಕಣ್ಣು ಮುಚ್ಚಿದಳು.

ನನಗೆ ಅದೇನು ಹೊಳೀತೋ. ಗುಂಡಿಯ ಕೆಂಪು ಟೋಪಿ ತಗೊಂಡೆ. ಪೆಟ್ಟಿಗೆ ಬಿಸಿ ಕಮ್ಮಿ ಮಾಡಿ, ಒಂದು ಸಲ ಹಾಯಿಸಿ, ನನ್ನ ಕೆನ್ನೆಗೆ ಒತ್ತಿ ನೋಡಿ, ಬೆಚ್ಚಗಿದೆ ಅಂತ ಗ್ಯಾರಂಟಿ ಆದಮೇಲೆ ಅವಳಿಗೆ ಕೊಟ್ಟೆ. ಅವಳು ಎರಡೂ ಕೈಯಲ್ಲಿ ಹಿಡಿದು ಕಿವಿ ಮೇಲೆ ಎಳ್ಕೊಂಡಳು. ಮುಖ ಅರಳಿತು. ಟೀಚರ್ ನನ್ನ ಕಡೆ ನೋಡಿ ತಲೆಯಾಡಿಸಿದರು. ಅವತ್ತು ನಾನು ಮನೆಗೆ ನಡ್ಕೊಂಡು ಹೋಗಿದ್ದೇ ನೆನಪಿಲ್ಲ. ಖುಷಿಗೆ ಕಾಲು ನೆಲದ ಮೇಲೆ ಇರಲಿಲ್ಲ.

ದಿನಾ ಹಾಗೇ ಆಡಿದೆವು. ಒದ್ದೆ ಬಟ್ಟೆ, ಚಳಿ, ಅಳು. ಬೆಚ್ಚನೆ ಟೋಪಿ, ನಗು. ಒಂದು ಬೆಳಿಗ್ಗೆ ಟೈಲರಮ್ಮ ಕೇಳಿದರು, "ಕರಡಿಮರಿ ಯಾಕೆ ಅತ್ತಿತು?" ಕೇಳಿ ಸುಮ್ಮನಾದರು. ಈಗ ಅವರಿಗೂ ಕಾಯೋಕೆ ಬರ್ತಿತ್ತು.

ಗುಂಡಿ ಕರಡಿಯ ಕಿವಿ ಹಿಡಿದಳು. "ಕಿವಿ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಚಳಿ."

ಟೈಲರಮ್ಮ ಸೆರಗಿನಿಂದ ಕಣ್ಣು ಒತ್ತಿಕೊಂಡರು. ಮೊದಲು ಊರಿಗೆಲ್ಲ ಕೇಳೋ ಹಾಗೆ ಉದ್ದುದ್ದ ಹೇಳ್ತಿದ್ದ ಮೊಮ್ಮಗಳು, ಈಗ ಹೇಳಿದ್ದು ಎರಡೇ ಪದ. ಆ ಎರಡು ಪದಕ್ಕೆ ಅವರು ಪಟ್ಟ ಹೆಮ್ಮೆ ಆ ಉದ್ದ ಕಥೆಗೂ ಪಟ್ಟಿರಲಿಲ್ಲ. "ಇನ್ನೂ ಕತ್ತರಿಸದ ಬಟ್ಟೆ ಥಾನು ಹಿಡ್ಕೊಂಡು ಅಂಗಿ ಅಂತ ಕುಣೀತಿದ್ದೆ ನೋಡು ನಾನು" ಅಂದರು ನನ್ನ ಹತ್ರ.

"ಈಗ ಇವೇ ಪ್ರಶ್ನೆ ಅವಳ ದಿನಕ್ಕೂ ಕೇಳಿ" ಅಂದರು ಟೀಚರ್. "ಅಂಗಡಿಗೆ ಯಾರು ಬಂದರು? ಎಲ್ಲಿ ಕೂತರು? ಏನಾಯ್ತು? ಅವಳೂ ಒಂದು ಕಥೆಯಲ್ಲಿ ಇದ್ದಾಳೆ ಅಂತ ಅವಳಿಗೆ ತಿಳೀಲಿ." ಕಂಡಕ್ಟರಿಗೂ ಹೇಳಿಕೊಟ್ಟರು. ಅವಳು ಡ್ಯೂಟಿ ಮುಗಿಸಿ ಬಂದು, ಮಗಳನ್ನ ತೊಡೆ ಮೇಲೆ ಕೂರಿಸ್ಕೊಂಡು, "ಬಸ್ಸಿಗೆ ಯಾರು ಹತ್ತಿದರು? ಅಮ್ಮ ಹತ್ತಿದಳು" ಅಂತ ತನ್ನ ಕಥೆ ಹೇಳೋಳು. ಆದ್ರೆ ಸಂಜೆಯ ಅಳು ಮಾತ್ರ ನಿಂತಿರಲಿಲ್ಲ. ವರ್ಷ ಮುಗಿಯೋಕೆ ಬಂದಿತ್ತು. ಶಾಲೆ ಬಿಡಿಸೋ ಮಾತನ್ನ ಕಂಡಕ್ಟರ್ ವಾಪಸ್ ತಗೊಂಡಿರಲಿಲ್ಲ.

ಒಂದು ದಿನ ಕಂಡಕ್ಟರಿಗೆ ಬೆಳಗಿನ ಪಾಳಿ. ಸಂಜೆ ಬೇಗ ಬಂದು ಅಂಗಡಿ ಮೆಟ್ಟಿಲ ಮೇಲೆ ಕೂತಿದ್ದಳು. ಅಳು ಮೂಲೆ ತಿರುಗಿತು, ತರಕಾರಿ ಅಂಗಡಿ ದಾಟಿತು. ಆಯಾ ಬಾಗಿಲ ಹತ್ರ ಬಂದು ತಲೆ ತಗ್ಗಿಸಿ ನಿಂತರು. ಕಂಡಕ್ಟರ್ ಎದ್ದು, ಒಳಗಿದ್ದ ತನ್ನ ಅಮ್ಮನ ಕಡೆ ತಿರುಗಿ, "ಅಮ್ಮ, ನಾಳೆಯಿಂದ ಇವಳನ್ನ ಕಳಿಸಲ್ಲ" ಅಂದಳು. ಟೈಲರಮ್ಮ ಯಾರದೋ ಪ್ಯಾಂಟ್ ಹೊಲೀತಿದ್ದರು. ಕೇಳಿಸಿದ್ರೂ ಕೇಳಿಸದವರ ಹಾಗೆ ಪೆಡಲ್ ತುಳೀತಾ ಇದ್ದರು.

ಗುಂಡಿ ಕೈ ಬಿಡಿಸ್ಕೊಂಡು ಒಳಗೆ ಹೋದಳು. ಮೂಗು ಸುರೀತಿತ್ತು. ಅಜ್ಜಿಯ ಮೊಣಕಾಲ ಮೇಲೆ ಕೈ ಇಟ್ಟಳು.

"ಮಿಷಿನ್ ನಿಲ್ಲಿಸು" ಅಂದಳು. "ಕಥೆ."

ಮಿಷಿನ್ ನಿಂತಿತು. ನಾನು ಪೆಟ್ಟಿಗೆ ನಿಲ್ಲಿಸಿದೆ. ಗುಂಡಿ ಕರಡಿಮರಿ ತಂದು ಕಬ್ಬಿಣದ ಸ್ಟೂಲಿನ ಮೇಲೆ ಕೂರಿಸಿದಳು. ಅದರ ಟೋಪಿ ಎಳೆದು ಕಿವಿ ಮುಚ್ಚಿದಳು. ಟೈಲರಮ್ಮ ಬಾಯಿ ತೆರೆದರು, ಮತ್ತೆ ಮುಚ್ಕೊಂಡರು. ನಾನು ನಾಲಿಗೆ ಕಚ್ಚಿ ಹಿಡ್ಕೊಂಡೆ.

ಕಂಡಕ್ಟರ್ ಬಂದು ಮಗಳ ಎದುರು ಮೊಣಕಾಲೂರಿದಳು. ಟೀಚರ್ ಹೇಳಿಕೊಟ್ಟ ಹಾಗೆ, ಒಂದೊಂದಾಗಿ ಕೇಳಿದಳು.

"ಯಾರು?"

"ಗುಂಡಿ."

"ಎಲ್ಲಿ?"

"ಶಾಲೆ."

"ಏನಾಯ್ತು?"

ಗುಂಡಿ ಸುಮ್ಮನೆ ನಿಂತಳು. ನಾವು ಕಾದೆವು. ಗುಂಡಿ ಸ್ಟೂಲಿನ ಮೇಲಿದ್ದ ಕರಡಿಯನ್ನ ಎತ್ತಿ ಅಮ್ಮನ ಕೈಗೆ ಕೊಟ್ಟಳು. ಸ್ಟೂಲು ಹಿಡಿದು ಕಲ್ಲು ನೆಲದ ಮೇಲೆ ಎಳೆದಳು. ಕಿರ್ರ್ ಅಂತ ಸದ್ದಾಯ್ತು, ನನ್ನ ಹಲ್ಲು ಜುಂ ಅಂತು. ಅವಳು ಸ್ಟೂಲು ಬಿಟ್ಟು ಎರಡೂ ಕಿವಿ ಮುಚ್ಕೊಂಡಳು.

"ಕುರ್ಚಿ" ಅಂದಳು. "ಕುರ್ಚಿ ಕಿರ್ರ್."

ಕಂಡಕ್ಟರ್ ಕರಡಿಯನ್ನ ಎದೆಗೊತ್ತಿಕೊಂಡಳು. ಆಮೇಲೆ ಕೇಳಿದಳು. "ಗುಂಡಿ ಯಾಕೆ ಅತ್ತಳು?"

"ಯಾಕಂದ್ರೆ" ಅಂದಳು ಗುಂಡಿ. ನಮ್ಮ ಯಾರ ಹತ್ರವೂ ಆ ಪದ ಅವಳು ಅವತ್ತಿನವರೆಗೆ ಆಡಿರಲಿಲ್ಲ. "ಯಾಕಂದ್ರೆ ಕಿವಿ ನೋವು."

ಬಾಗಿಲಲ್ಲಿದ್ದ ಆಯಾ ಬಾಯಿ ಮೇಲೆ ಕೈ ಇಟ್ಟರು. "ಹೌದು ತಾಯಿ. ಮಕ್ಕಳೆಲ್ಲ ಹೋದಮೇಲೆ ಕಸ ಗುಡಿಸೋಕೆ ಕುರ್ಚಿ ಎಲ್ಲ ಎಳೆದು ಮೂಲೆಗೆ ಒಟ್ತೀನಿ. ಇವಳು ಅಲ್ಲೇ ಕೂತಿರ್ತಾಳೆ. ನನಗೆ ಆ ಸದ್ದು ಕೇಳಿ ಕೇಳಿ ಕಿವಿಗೇ ಬೀಳಲ್ಲ. ಇಷ್ಟು ದಿನ ನಾನೇ ಇವಳನ್ನ ಅಳಿಸಿದೆನಾ?" ಅಂತ ಅಳೋಕೆ ಶುರು ಮಾಡಿದರು.

ಕಂಡಕ್ಟರ್ ಎದ್ದು ಹೋಗಿ ಅವರ ಎರಡೂ ಕೈ ಹಿಡ್ಕೊಂಡಳು. "ನೀವೇನು ಮಾಡ್ತೀರಿ ಅಮ್ಮ, ನಿಮಗೆ ಗೊತ್ತಿರಲಿಲ್ಲ. ನಮಗೂ ಗೊತ್ತಿರಲಿಲ್ಲ. ಅವಳೊಬ್ಬಳಿಗೇ ಗೊತ್ತಿತ್ತು" ಅಂದಳು. ಅಳ್ತಾನೇ ನಗ್ತಿದ್ದಳು. ಮಗಳನ್ನೇ ನೋಡ್ತಾ, "ಹೇಳಿದಳು ಅಕ್ಕ, ನನ್ನ ಮಗಳು ಹೇಳಿದಳು" ಅಂತ ನನಗೆ ಹೇಳಿದಳು. ನಾನೇನು ಕೇಳಿಸಿಕೊಂಡಿರಲಿಲ್ಲವಾ? ಆದ್ರೂ ಎಷ್ಟು ಸಲ ಹೇಳಿದ್ರೂ ಕೇಳೋಣ ಅನ್ನಿಸ್ತಿತ್ತು.

"ಗುಂಡಿ ಟೋಪಿ ದಪ್ಪಗೆ ಮಾಡಿ ಹೊಲಿದ್ರೆ ಸದ್ದು ಕೇಳಲ್ಲ, ಅಲ್ವಾ?" ಅಂದೆ ನಾನು.

ಟೈಲರಮ್ಮ ಸ್ಟೂಲನ್ನ ತಲೆಕೆಳಗು ಮಾಡಿ ಅದರ ಕಾಲು ನೋಡ್ತಾ ಇದ್ದರು. "ಸದ್ದು ಮಾಡೋದು ಕುರ್ಚಿ. ಟೋಪಿ ನನ್ನ ಮೊಮ್ಮಗಳು ಯಾಕೆ ಹಾಕ್ಕೋಬೇಕು? ಕುರ್ಚಿ ಹಾಕ್ಕೊಳ್ಳಲಿ" ಅಂದರು. ಕೊರಳಲ್ಲಿದ್ದ ಟೇಪು ತೆಗೆದು ಸ್ಟೂಲಿನ ಕಾಲಿನ ಸುತ್ತಳತೆ ತಗೊಂಡು, ಶಾಲೆ ಕುರ್ಚಿ ಕಾಲೂ ಇಷ್ಟೇ ದಪ್ಪಾನಾ ಅಂತ ಆಯಾನ ಕೇಳ್ಕೊಂಡರು. ಪ್ಯಾಂಟಿನ ಗಿರಾಕಿ ಬಂದು ಕೇಳಿದ್ರೆ, "ನಾಳೆ ಬನ್ನಿ, ಇವತ್ತು ಅರ್ಜೆಂಟ್ ಆರ್ಡರ್ ಇದೆ" ಅಂದರು.

ದಪ್ಪ ಬಟ್ಟೆಯ ತುಂಡು ಎರಡು ಮಡಿಕೆ, ನಡುವೆ ಅಸ್ತರು, ಮೇಲೆ ಬಿಗಿಯಾಗಿ ಎಲಾಸ್ಟಿಕ್. ಶಿಶುವಿಹಾರದ ಅಷ್ಟೂ ಕುರ್ಚಿಗಳ ಅಷ್ಟೂ ಕಾಲಿಗೆ ಟೋಪಿ ತಯಾರಾಯ್ತು. ಯಾವ ಗಿರಾಕಿಯ ಬಟ್ಟೆಯಲ್ಲಿ ಉಳಿದ ತುಂಡೋ, ಹೂವಿನದು, ಗೀಟಿನದು, ಚೌಕಳಿಯದು. ತೊಡಿಸಿದ್ದು ಗುಂಡಿ ಮತ್ತು ಆಯಾ. ಟೀಚರ್ ಬಂದು ನೋಡಿ ಬಾಗಿಲಲ್ಲೇ ನಿಂತುಬಿಟ್ಟರು. "ನಾನು ಇರ್ತಿದ್ದದ್ದು ಬೆಳಿಗ್ಗೆ ಮಾತ್ರ. ನಾನು ಎಷ್ಟು ಓದಿದ್ರೂ ಇದು ನನಗೆ ಗೊತ್ತಾಗ್ತಿರಲಿಲ್ಲ. ಅವಳೇ ಹೇಳಬೇಕಿತ್ತು, ಹೇಳಿದಳು" ಅಂದರು.

ಮಾರನೇ ಸಂಜೆ ನಾನು ಒಂದು ರಾಶಿ ಬಟ್ಟೆ ಮುಂದಿಟ್ಕೊಂಡು ಇಸ್ತ್ರಿ ಮಾಡ್ತಾನೇ ಇದ್ದೆ. ತಲೆ ಎತ್ತಿ ನೋಡ್ತೀನಿ, ಗುಂಡಿ ಆಯಾನ ಕೈ ಹಿಡ್ಕೊಂಡು ಮುಂದೆ ನಿಂತಿದ್ದಾಳೆ. ಅಳು ಕೇಳಿಸದೆ ನನಗೆ ಸಂಜೆ ಆಗಿದ್ದೇ ಗೊತ್ತಾಗಿರಲಿಲ್ಲ. ಆಯಾ ತಲೆ ಎತ್ತಿ ಬೀದಿ ಪೂರ್ತಿ ನೋಡ್ತಾ ನಿಂತಿದ್ದರು.

"ಏನಾಯ್ತು ಗುಂಡಿ?" ಅಂದೆ.

"ಕುರ್ಚಿ ಟೋಪಿ ಹಾಕ್ಕೊಂಡಿತು" ಅಂದಳು. "ಸುಮ್ಮನಾಯ್ತು." ಸ್ವಲ್ಪ ಹೊತ್ತು ಯೋಚನೆ ಮಾಡಿ, "ಗುಂಡಿ ಅಳಲಿಲ್ಲ" ಅಂದಳು. ನಡುವೆ ಸೊಂಟದ ಅಳತೆ ಬರಲಿಲ್ಲ, ಕಾಲರ್ ಬರಲಿಲ್ಲ. ಅಷ್ಟೂ ಅವಳದೇ ಕಥೆ.

ಶಾಲೆ ಬಿಡಿಸೋ ಮಾತು ಅಲ್ಲಿಗೆ ಮುಗೀತು. ಗುಂಡಿ ಈಗ ಒಂದನೇ ತರಗತಿ. ಟೈಲರಮ್ಮನ ಜಂಬ ಕಮ್ಮಿ ಆಗಿದೆ ಅಂದುಕೊಂಡ್ರಾ? ದುಪ್ಪಟ್ಟಾಗಿದೆ. ಬಂದ ಗಿರಾಕಿಗೆಲ್ಲ, "ಕಥೆ ಹೇಳು ಅನ್ನಬೇಡಿ, ಯಾಕೆ ಅಂತ ಕೇಳಿ ನೋಡಿ. ಕೇಳಿ ಕಾಯಬೇಕು ಮತ್ತೆ" ಅಂತಾರೆ. ಈ ಜಂಬಕ್ಕೆ ನಾನೂ ಪಾಲುದಾರಳು. ಬೀದಿಯವರೆಲ್ಲ ಪಾಲುದಾರರು.

ಈಗ ನಿಮಗೆ ಹೇಳ್ತೀನಿ, ಈ ಕಥೆ ಓದ್ತಾ ಇರೋ ಅಪ್ಪ ಅಮ್ಮಂದಿರಿಗೆ, ಅಜ್ಜ ಅಜ್ಜಿಯರಿಗೆ. ನಿಮ್ಮ ಮನೆಯಲ್ಲೂ ನಿಧಾನಕ್ಕೆ ಕಲಿಯೋ ಮಗು ಇರಬಹುದು, ಪಕ್ಕದ ಮನೆಯಲ್ಲಿರಬಹುದು. ಎಲ್ಲ ಮಕ್ಕಳಿಗೂ ಒಂದೇ ಅಳತೆ ಅಂಗಿ ಆಗಲ್ಲ. ಒಂದು ಮಗು ಮಾತಲ್ಲಿ ಹೇಳುತ್ತೆ, ಇನ್ನೊಂದು ಚಿತ್ರ ತೋರಿಸುತ್ತೆ, ಮತ್ತೊಂದು ಸ್ಟೂಲು ಎಳೆದು ತೋರಿಸುತ್ತೆ. ನಿಮ್ಮ ಹತ್ತಿರದ ಶಾಲೆಯಲ್ಲಿ ಇಂಥ ಮಕ್ಕಳಿಗೆ ಕಲಿಸೋರು ಯಾರಿದ್ದಾರೆ ಅಂತ ವಿಚಾರಿಸಿ, ಸಂಕೋಚ ಬೇಡ. ಚಿಕ್ಕ ಕಥೆ ಆರಿಸ್ಕೊಳ್ಳಿ, ಕೈಗೆ ಸಿಗೋ ಸಾಮಾನಿಟ್ಟು ಹೇಳಿ, ಅದನ್ನೇ ಮತ್ತೆ ಮತ್ತೆ ಹೇಳಿ. ಮಗು ಕಥೆ ಒಪ್ಪಿಸಿದ್ರೆ ಚಪ್ಪಾಳೆ ತಟ್ಟಿ ಎದ್ದು ಹೋಗಬೇಡಿ. ಯಾರು ಅಂತ ಕೇಳಿ, ಎಲ್ಲಿ ಅಂತ ಕೇಳಿ, ಯಾಕೆ ಅಂತಾನೂ ಒಂದು ದಿನ ಕೇಳಿ. ಕೇಳಿದಮೇಲೆ ಬಾಯಿ ಮುಚ್ಕೊಂಡು ಕಾಯಿರಿ. ನನ್ನಂಥವಳ ಕೈಲೇ ಆಯ್ತು, ನಿಮ್ಮ ಕೈಲಿ ಯಾಕೆ ಆಗಲ್ಲ?

ನಿಮ್ಮ ಮಗುವಿಗೆ ಹೇಳೋಕೆ ಏನೋ ಇದೆ. ಇವತ್ತು ಸಂಜೆ ಸ್ವಲ್ಪ ಹೊತ್ತು ನಿಮ್ಮ ಮಿಷಿನ್ ನಿಲ್ಲಿಸಿ, ಮಗುವಿನ ಎದುರು ಕೂತ್ಕೊಳ್ಳಿ.